ಪಟ್ಟಿ ರೆಡಿಯಾದ ಮೇಲೆ ಕರೆದರೆ ಏನು ಬಂತು?

ಗ್ರಾಮಸಭೆಗೆ ಜನ ಬರೋದಿಲ್ಲ, ಅದಕ್ಕೇ ಪಂಚಾಯ್ತಿ ಬಜೆಟ್ ನಾಲ್ಕು ಜನರ ಕೈಯಲ್ಲಿದೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ನಿಜ. ಯಾಕೆ ಬರೋದಿಲ್ಲ ಅನ್ನೋದನ್ನೂ ನೋಡಬೇಕು ಅಲ್ವಾ?

ನಮ್ಮೂರಲ್ಲಿ ಸಭೆ ಇಡುವುದು ಬೆಳಿಗ್ಗೆ 11ಕ್ಕೆ. ಕೂಲಿಗೆ ಹೋಗುವವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಹೋದ ಸಲ ನಾನು ಹೋಗಿದ್ದೆ. ಪಂಚಾಯ್ತಿಯವರು ಮೊದಲೇ ರೆಡಿ ಮಾಡಿದ್ದ ಕಾಮಗಾರಿ ಪಟ್ಟಿಯನ್ನು ಗಡಗಡ ಓದುತ್ತಿದ್ದರು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು, "ನಮ್ಮ ಕೇರಿ ನೀರಿನ ಪೈಪು ಅದರಾಗೆ ಐತೇನಪ್ಪಾ?" ಅಂದರು. ಹಾಳೆ ತಿರುವಿ ನೋಡಿದರು. ಇರಲಿಲ್ಲ. "ಮುಂದಿನ ವರ್ಷ ಹಾಕೋಣ ಅಜ್ಜಿ" ಅಂತ ಹೇಳಿ ಮುಂದಿನ ಸಾಲು ಓದಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಸುಮ್ನೆ ಕೂತರು. ನನಗೆ ಹೊಟ್ಟೆ ಉರಿದುಹೋಯಿತು. ಕೇಂದ್ರದ ಹಣ ಹೇಗೆ ಹಂಚಬೇಕು ಅಂತ ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ ಪಂಚಾಯ್ತಿ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಅಜ್ಜಿ ಕೇಳಿದ್ದು ಜಾಸ್ತಿಯೇನಲ್ಲ.

ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ, ಅಂದರೆ ಆಯಾ ವಾರ್ಡಿನ ಮತದಾರರ ಸಭೆ, ಅಂತ ಇದೆ. ಬೇಡಿಕೆ ಹುಟ್ಟಬೇಕಾದ ಜಾಗ ಅದೇ. ನಮ್ಮಲ್ಲಿ ಅದು ನಡೆದಿದ್ದನ್ನು ನಾನು ಕಂಡಿಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದಲೇ ಬಜೆಟ್ ಮಾಡುವ ಮೊದಲು ಬಡಾವಣೆಗಳಲ್ಲಿ ಸಭೆ ಸೇರಿಸಿ, ಯಾವ ಕೆಲಸ ಮೊದಲು ಅಂತ ಜನರನ್ನೇ ಕೇಳಿದರು. ಪುಣೆ ಪಾಲಿಕೆಯೂ 2006ರಿಂದ ಬಜೆಟ್‌ಗೆ ನಾಗರಿಕರಿಂದ ಸಲಹೆ ತಗೊಂಡಿದೆ.

ವಾರ್ಡ್ ಸಭೆಯನ್ನು ಸಂಜೆ ಆರಕ್ಕೆ, ಕೇರಿಯ ಕಟ್ಟೆ ಮೇಲೇ ಮಾಡಿ. ಒಂದು ವಾರ ಮುಂಚೆ ಡಂಗುರ ಹೊಡೆಸಿ. ಅಜ್ಜಿ ಖಂಡಿತ ಬರುತ್ತಾರೆ.