ವಾಶ್‌ಬೇಸಿನ್ನಿನಲ್ಲಿ ಒಂದು ಕಾಲು

ಇಸ್ಲಾಮಿಗೂ ಪಶ್ಚಿಮಕ್ಕೂ ಏಕೆ ಹೊಂದಿಕೆಯಾಗುವುದಿಲ್ಲ ಎಂಬ ಬಗ್ಗೆ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಅವುಗಳಲ್ಲಿ ನಲ್ಲಿಯ ಪ್ರಸ್ತಾಪವೇ ಬರುವುದಿಲ್ಲ. ಬ್ರಿಟನ್ನಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತ ಐದು ಹೊತ್ತು ನಮಾಝ್ ಬಿಡದವರನ್ನು ಕೇಳಿ ನೋಡಿ, ಮೊದಲ ದೂರು ನಲ್ಲಿಯ ಮೇಲೆಯೇ.

ವುಝೂ ಎಂದರೆ ನಮಾಝಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆ ಸವರಿ, ಕೊನೆಗೆ ಗಂಟಿನವರೆಗೆ ಪಾದ ತೊಳೆಯುವುದು. ಹಳೆಯ ಕಟ್ಟಡವಾದರೆ ಮೊದಲ ಹೆಜ್ಜೆಯಲ್ಲೇ ಗ್ರಹಚಾರ. ಬೇಸಿನ್ನಿನ ಎಡಕ್ಕೊಂದು ನಲ್ಲಿ, ಬಲಕ್ಕೊಂದು ನಲ್ಲಿ. ಒಂದರಲ್ಲಿ ಚರ್ಮ ಸುಲಿಯುವ ಬಿಸಿ, ಇನ್ನೊಂದರಲ್ಲಿ ಬೆರಳು ಮರಗಟ್ಟುವ ತಣ್ಣೀರು. ತಣ್ಣೀರು ನೇರವಾಗಿ ಮೇನ್ ಪೈಪಿನಿಂದ ಬರುತ್ತಿತ್ತು, ಬಿಸಿನೀರು ಅಟ್ಟದ ಮೇಲಿನ ಟ್ಯಾಂಕಿನಿಂದ; ಟ್ಯಾಂಕಿನ ನೀರು ಕುಡಿಯುವ ನೀರಿಗೆ ಸೇರಬಾರದೆಂದು ಹಿಂದಿನವರು ಎರಡನ್ನೂ ಒಂದಾಗಲು ಬಿಡಲಿಲ್ಲ. ಹಾಗಾಗಿ ಹದ ಮಾಡುವ ಕೆಲಸ ನಿಮ್ಮ ಮುಖದ ಮೇಲೆಯೇ ನಡೆಯಬೇಕು.

ಹೊಸ ಕಟ್ಟಡದಲ್ಲಿ ಒತ್ತುವ ನಲ್ಲಿ. ಒತ್ತಿದರೆ ನಾಲ್ಕೈದು ಸೆಕೆಂಡ್ ನೀರು ಬಿಟ್ಟು ತಾನೇ ನಿಲ್ಲುತ್ತದೆ. ಬಲ ತೋಳು ತೊಳೆಯಲು ಎಡಗೈ ಬೇಕು, ನಲ್ಲಿ ಒತ್ತಲಿಕ್ಕೂ ಅದೇ ಎಡಗೈ ಬೇಕು. ಕೆಲವರು ಜಾಣತನದಿಂದ ಮೊಣಕೈಯಲ್ಲಿ ಒತ್ತುತ್ತಾರೆ. ಆಗ ಒದ್ದೆ ಕೈ ಮೇಲಕ್ಕೆದ್ದು, ಅದರ ನೀರು ಮಡಚಿದ ತೋಳಿನೊಳಗೆ ಇಳಿದು ಕಂಕುಳಿನವರೆಗೆ ತಲುಪುತ್ತದೆ. ಉಪಾಯ ಸರಳ: ಪ್ರತಿ ಅಂಗವನ್ನು ಮೂರು ಸಲ ತೊಳೆಯುವುದು ಸುನ್ನತ್, ಅಂದರೆ ಪ್ರವಾದಿಯವರ ಪದ್ಧತಿ, ಒಂದು ಸಲ ಪೂರ್ತಿ ತೊಳೆದರೆ ಕಡ್ಡಾಯ ತೀರಿತು. ಆಫೀಸಿನಲ್ಲಿ ಒಂದೇ ಸಲ ಸಾಕು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಮೀರದಷ್ಟರಲ್ಲಿ, ವುಝೂ ಮುಗಿಸುತ್ತಿದ್ದರು ಎಂದು ಹದೀಸ್ ಇದೆ. ನಲ್ಲಿ ಬೋರ್ಗರೆಯಬೇಕೆಂಬುದು ನಮ್ಮ ಹಟವೇ ಹೊರತು ಶಾಸ್ತ್ರವಲ್ಲ.

ಇನ್ನು ಪಾದ. ಬೇಸಿನ್ನಿನ ಅಂಚು ನೆಲದಿಂದ ಸುಮಾರು 80–85 ಸೆಂಟಿಮೀಟರ್ ಎತ್ತರ. ಇಸ್ತ್ರಿ ಮಾಡಿದ ಪ್ಯಾಂಟ್ ಮಡಚಿ, ಒದ್ದೆ ಟೈಲ್ಸ್ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಅಲ್ಲಿಗೆ ಏರಿಸಿದ ಕ್ಷಣದಲ್ಲೇ ಬಾಗಿಲು ತೆರೆಯುತ್ತದೆ. ಒಳಗೆ ಬರುವುದು ಎಂದೂ ಜವಾನನಲ್ಲ, ಡೈರೆಕ್ಟರೇ. ಇಂಥ ಹೊತ್ತಿನಲ್ಲಿ ಕಾಲನ್ನು ಸರ್ರನೆ ಎಳೆದುಕೊಳ್ಳುವುದು ದೊಡ್ಡ ತಪ್ಪು. ನೆಲದಲ್ಲಿರುವ ಕಾಲು ಜಾರುತ್ತದೆ, ಕೈ ಬೇಸಿನ್ ಹಿಡಿಯುತ್ತದೆ, ಎರಡು ಬ್ರಾಕೆಟ್‌ಗಳ ಆಧಾರದಲ್ಲಿ ಗೋಡೆಗೆ ನೇತಾಡುವ ಬೇಸಿನ್ ಮನುಷ್ಯನ ತೂಕ ತಡೆಯಲು ಮಾಡಿದ್ದಲ್ಲ. ಕಾಲು ಅಲ್ಲೇ ಇರಲಿ. "ಪ್ರಾರ್ಥನೆಗೆ ಮುಂಚೆ ತೊಳೆಯುತ್ತಿದ್ದೇನೆ" ಎಂದು ಒಂದೇ ವಾಕ್ಯ ಹೇಳಿ ಮುಗಿಸಿ. ಧರ್ಮದ ಐದು ಸ್ತಂಭಗಳನ್ನು ವಿವರಿಸಲು ಇದು ಸಮಯವಲ್ಲ, ಈಗ ನೀವೇ ಒಂದು ಸ್ತಂಭದ ಮೇಲೆ ನಿಂತಿದ್ದೀರಿ. ಆಮೇಲೆ ನೆಲ ಒರೆಸಿ ಹೊರಡಿ. ವಾಶ್‌ರೂಮಿನ ಬಾಗಿಲಿಗೆ "ದಯವಿಟ್ಟು ಕಾಲು ತೊಳೆಯಬೇಡಿ" ಎಂಬ ಚೀಟಿ ಬರುವುದು ಕಾಲಿನ ದೆಸೆಯಿಂದಲ್ಲ, ನೆಲದ ಮೇಲೆ ಉಳಿದ ನೀರಿನ ದೆಸೆಯಿಂದ.

ಇಷ್ಟೆಲ್ಲ ಸರ್ಕಸ್ ಬೇಡವಾದರೆ ಮಸಹ್ ಇದೆ. ಬೆಳಿಗ್ಗೆ ಮನೆಯಲ್ಲಿ ಪೂರ್ತಿ ವುಝೂ ಮಾಡಿ ಕಾಲುಚೀಲ ಹಾಕಿಕೊಂಡರೆ, ಊರಲ್ಲೇ ಇರುವವರಿಗೆ 24 ಗಂಟೆ, ಪ್ರಯಾಣಿಕರಿಗೆ 72 ಗಂಟೆ, ಪಾದ ತೊಳೆಯುವ ಬದಲು ಒದ್ದೆ ಬೆರಳಿನಿಂದ ಮೇಲ್ಭಾಗವನ್ನು ಸವರಿದರಾಯಿತು. ಅಡಿಭಾಗ ಸವರಬೇಕಿಲ್ಲ. ಎಡವಟ್ಟಾಗುವುದು ಮೂರು ಕಡೆ. ಗಂಟು ಮುಚ್ಚದ ಗಿಡ್ಡ ಸಾಕ್ಸ್ ಲೆಕ್ಕಕ್ಕಿಲ್ಲ. ಮಧ್ಯೆ ಬಿಚ್ಚಿದರೆ ಆಟ ಮುಗಿಯಿತು, ಮತ್ತೆ ಪಾದ ತೊಳೆಯಬೇಕು. ಮೂರನೆಯದು ಮದ್‌ಹಬ್‌ಗಳ, ಅಂದರೆ ಧರ್ಮಶಾಸ್ತ್ರದ ಪಂಥಗಳ, ತಕರಾರು: ತೆಳ್ಳನೆಯ ಹತ್ತಿ ಸಾಕ್ಸಿಗೆ ಹನಫೀ ಪಂಥದವರು ಒಪ್ಪುವುದಿಲ್ಲ, ತೊಗಲಿನದೋ ನೀರು ಇಳಿಯದ ದಪ್ಪನೆಯದೋ ಬೇಕು. ಚಾರಣಕ್ಕೆಂದು ಮಾರುವ ವಾಟರ್‌ಪ್ರೂಫ್ ಸಾಕ್ಸನ್ನು ಬೆಟ್ಟದ ಮುಖವನ್ನೇ ನೋಡದ ಅಕೌಂಟೆಂಟ್‌ಗಳು ಏಕೆ ಕೊಳ್ಳುತ್ತಾರೆಂದು ಅಂಗಡಿಯವರಿಗೆ ಈಗಲಾದರೂ ತಿಳಿಯಲಿ.

ಶೌಚಾಲಯದ ನೀರಿನ ಕಥೆ ಚಿಕ್ಕದು. ಬ್ರಿಟನ್ನಿನ ಮುಸ್ಲಿಮರ ಮನೆಯ ಬಾತ್‌ರೂಮಿನಲ್ಲಿ ಗಿಡಕ್ಕೆ ನೀರುಣಿಸುವ ಪ್ಲಾಸ್ಟಿಕ್ ಕ್ಯಾನ್ ಇರುತ್ತದೆ, ಗಿಡ ಇರುವುದಿಲ್ಲ. ಬಂದ ಅತಿಥಿ ಅದನ್ನೆತ್ತಿಕೊಂಡು ಹೋಗಿ ಹಾಲ್‌ನಲ್ಲಿರುವ ಗಿಡಕ್ಕೆ ಪ್ರೀತಿಯಿಂದ ನೀರು ಹಾಕುವ ಮೊದಲೇ ಒಂದು ಮಾತು ಹೇಳಿಬಿಡುವುದು ಮೇಲು. ಹ್ಯಾಂಡ್ ಶವರ್ ಹಾಕಿಸುವವರು ಎರಡು ವಿಷಯ ನೆನಪಿಡಿ. ಬ್ರಿಟನ್ನಿನಲ್ಲಿ ಅದನ್ನು ನೇರ ಮೇನ್ ಪೈಪಿಗೆ ಜೋಡಿಸುವುದು ನಿಯಮಬಾಹಿರ, ಏಕೆಂದರೆ ಒತ್ತಡ ಕಡಿಮೆಯಾದರೆ ಕೊಳಕು ನೀರು ಹಿಂದಕ್ಕೆ ಎಳೆಯಲ್ಪಡಬಹುದು. ನಡುವೆ ಗಾಳಿಯ ಅಂತರವಿರುವ ಪ್ರತ್ಯೇಕ ತೊಟ್ಟಿ ಬೇಕು. ಎರಡನೆಯದು, ಪ್ರತಿ ಸಲವೂ ವಾಲ್ವ್ ಮುಚ್ಚಿ. ಬರೀ ಟ್ರಿಗರ್ ನಂಬಿ ಬಿಟ್ಟರೆ ಪೈಪ್ ಹಗಲಿರುಳೂ ಒತ್ತಡದಲ್ಲಿದ್ದು ಒಂದು ದಿನ ಒಡೆಯುತ್ತದೆ, ಅದೂ ನೀವು ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಿರುವಾಗ.

ವುಝೂ ಆಯಿತು, ಈಗ ಹೊತ್ತು. ಇಲ್ಲಿ ಸೂರ್ಯನೇ ಪ್ರತಿಪಕ್ಷ. ಲಂಡನ್ನಿನಲ್ಲಿ ಡಿಸೆಂಬರ್ 21ರಂದು ಸೂರ್ಯೋದಯ 8:04ಕ್ಕೆ, ಸೂರ್ಯಾಸ್ತ 3:54ರ ಸುಮಾರಿಗೆ. ಮಧ್ಯಾಹ್ನದ ನಮಾಝ್ ಝುಹ್ರ್ ಹನ್ನೆರಡಕ್ಕೆ, ಅದರ ನಂತರದ ಅಸ್ರ್ ಎರಡರೊಳಗೆ, ಸೂರ್ಯಾಸ್ತದ ಮಗ್ರಿಬ್ ನಾಲ್ಕಕ್ಕೂ ಮುಂಚೆ. ಮೂರು ನಮಾಝ್ ನಾಲ್ಕು ಗಂಟೆಯೊಳಗೆ, ಅದೇ ನಾಲ್ಕು ಗಂಟೆಯಲ್ಲಿ ಊಟ, ಎರಡು ಮೀಟಿಂಗ್. ಲಂಚ್ ಬ್ರೇಕ್ ಒಂದರಿಂದ ಎರಡರವರೆಗೆ ಸಿಕ್ಕಿದರೆ ಅದೃಷ್ಟ: ಶುರುವಿನಲ್ಲಿ ಝುಹ್ರ್, ನಡುವೆ ಊಟ, ಕೊನೆಯಲ್ಲಿ ಅಸ್ರ್, ಎಲ್ಲಕ್ಕೂ ಒಂದೇ ವುಝೂ. ವಸ್ತುವಿನ ನೆರಳು ಅದರ ಎತ್ತರದ ಎರಡು ಪಟ್ಟಾಗುವವರೆಗೆ ಕಾಯುವ ಹನಫೀಗಳಿಗೆ ಈ ಸೌಲಭ್ಯವಿಲ್ಲ, ಅವರ ಅಸ್ರ್ ಎರಡರ ನಂತರ. ಸಹೋದ್ಯೋಗಿಗಳು ಸಿಗರೇಟಿಗೆ ಹೋಗುವಷ್ಟು ಸಲವೂ ಇದಾಗುವುದಿಲ್ಲ. ಆದರೆ ಸಿಗರೇಟಿಗೆ ಹೋದವರನ್ನು "ಎಲ್ಲಿದ್ದೆ?" ಎಂದು ಯಾರೂ ಕೇಳುವುದಿಲ್ಲ.

ಬೇಸಿಗೆಯಲ್ಲಿ ತಿರುಗುಮುರುಗು. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ರಾತ್ರಿಯ ನಮಾಝ್ ಇಶಾ ಎಂದು ಹಲವು ವೇಳಾಪಟ್ಟಿಗಳ ಲೆಕ್ಕ. ಲಂಡನ್ನಿನಲ್ಲಿ ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಬಾರದ ಇಶಾವನ್ನು ಬರಿಸಲು ಒಬ್ಬರು ರಾತ್ರಿಯನ್ನು ಏಳು ಭಾಗ ಮಾಡುತ್ತಾರೆ, ಇನ್ನೊಬ್ಬರು 15 ಡಿಗ್ರಿ ಎನ್ನುತ್ತಾರೆ, ಮತ್ತೊಬ್ಬರು ಮಗ್ರಿಬ್ ಆಗಿ 90 ನಿಮಿಷ ಎನ್ನುತ್ತಾರೆ. ಒಂದೇ ಬೀದಿಯ ಎರಡು ಮಸೀದಿಗಳ ನಡುವೆ ಗಂಟೆಯ ಅಂತರ ಬಂದರೆ ಗಾಬರಿ ಬೇಡ. ಒಂದನ್ನು ಆರಿಸಿ, ವರ್ಷವಿಡೀ ಅದಕ್ಕೇ ಅಂಟಿಕೊಳ್ಳಿ. ಇಶಾಗೆ ಬೇಗ ಮಾಡುವ ಮಸೀದಿ, ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟವಾದ ಸಹರಿಗೆ ತಡ ಮಾಡುವ ಮಸೀದಿ ಎಂದು ದಿನಾ ಪಕ್ಷಾಂತರ ಮಾಡುವವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೆ.

ಫೋನಿನ ಅಝಾನ್ ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ಫೋನನ್ನು ಸೈಲೆಂಟ್ ಮಾಡಿದರೂ ಅಲಾರಂ ಸದ್ದು ಬೇರೆಯೇ ಇರುತ್ತದೆ. ಸಂಬಳ ಹೆಚ್ಚಳದ ಮಾತುಕತೆ ನಡೆಯುವಾಗ ಪೂರ್ತಿ ಏರು ದನಿಯಲ್ಲಿ ಅಝಾನ್ ಮೊಳಗಿದರೆ, ಅದನ್ನು ಅರ್ಧಕ್ಕೆ ನಿಲ್ಲಿಸಲು ನಿಮಗೆ ಮನಸ್ಸಿಲ್ಲ, ಪೂರ್ತಿ ಕೇಳಲು ಎದುರಿನವರಿಗೆ ಪುರುಸೊತ್ತಿಲ್ಲ. ವೈಬ್ರೇಶನ್ ಇಡಿ.

ಜಾಗ? ದೊಡ್ಡ ಕಂಪನಿಗಳಲ್ಲಿ ಪ್ರಾರ್ಥನಾ ಕೋಣೆ ಇರುತ್ತದೆ. ಇಲ್ಲದಿದ್ದರೆ ಫೈರ್ ಎಕ್ಸಿಟ್ ಮೆಟ್ಟಿಲು, ಇಲ್ಲವೇ ಸ್ಟೋರ್‌ರೂಮ್. ಮೆಟ್ಟಿಲ ಬಳಿಯಾದರೆ ಬಾಗಿಲಿಗೆ ಅಡ್ಡ ಚಾಪೆ ಹಾಸಬೇಡಿ. ಬೆಂಕಿ ಬಿದ್ದಾಗ ಜನ ನುಗ್ಗುವ ದಿಕ್ಕಿಗೇ ಅಂಥ ಬಾಗಿಲು ತೆರೆಯುತ್ತದೆ, ಅಂದರೆ ಸುಜೂದ್‌ನಲ್ಲಿ ನೆಲಕ್ಕೆ ಹಣೆ ಹಚ್ಚಿರುವ ನಿಮ್ಮ ತಲೆಯ ಕಡೆಗೆ. ಸ್ಟೋರ್‌ರೂಮಿನ ತೊಂದರೆ ದೀಪದ್ದು. ಅಲುಗಾಟ ಕಂಡರೆ ಹೊತ್ತಿಕೊಳ್ಳುವ ಲೈಟು ಅದು. ನಮಾಝಿನಲ್ಲಿ ಮನಸ್ಸು ನೆಟ್ಟಷ್ಟೂ ಮೈ ನಿಶ್ಚಲ, ಮೈ ನಿಶ್ಚಲವಾದಷ್ಟೂ ಕತ್ತಲೆ. ಎದ್ದು ನಿಂತ ಕೂಡಲೇ ಭಗ್ಗನೆ ಬೆಳಕು. ಪ್ರಿಂಟರ್ ಕಾಗದ ಹುಡುಕಿಕೊಂಡು ಬಾಗಿಲು ತೆರೆದವರಿಗೆ ಕತ್ತಲಲ್ಲಿ ನೆಲಕ್ಕೆ ಹಣೆ ಹಚ್ಚಿದ ಮನುಷ್ಯ ಕಂಡರೆ ಅವರು ಮೊದಲು ಕರೆಯುವುದು ಫಸ್ಟ್ ಏಡ್‌ನವರನ್ನು. ಪಕ್ಕದ ಮೇಜಿನವರಿಗೆ ಮುಂಚೆಯೇ ಹೇಳಿಟ್ಟಿರಿ, ಆ್ಯಂಬುಲೆನ್ಸ್ ಉಳಿಯುತ್ತದೆ.

ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡಬೇಕಾದ ಮೆಕ್ಕಾದ ದಿಕ್ಕು, ಲಂಡನ್ನಿನಿಂದ ಸುಮಾರು 119 ಡಿಗ್ರಿ, ಅಂದರೆ ಆಗ್ನೇಯ. ನ್ಯೂಯಾರ್ಕಿನಿಂದ ಸುಮಾರು 58 ಡಿಗ್ರಿ, ಈಶಾನ್ಯ. ಮೆಕ್ಕಾ ನಕ್ಷೆಯಲ್ಲಿ ಕೆಳಗಿದ್ದರೂ ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಮೇಲ್ಗಡೆಯಿಂದ. ಫೋನಿನ ದಿಕ್ಸೂಚಿ ಕಬ್ಬಿಣದ ಮೇಜಿನ ಮೇಲೆ, ಅಯಸ್ಕಾಂತವಿರುವ ಕವರಿನೊಳಗೆ, ದಿಕ್ಕು ತಪ್ಪುತ್ತದೆ. ಕವರ್ ತೆಗೆದು ಗಾಳಿಯಲ್ಲಿ ಎಂಟರ ಆಕಾರ ಬರೆಯಿರಿ. ಇದಕ್ಕಿಂತ ಖಾತರಿಯಾದದ್ದು ಬೇಕಿದ್ದರೆ, ಮೇ 28ರ ಸುಮಾರಿಗೆ ಬೆಳಿಗ್ಗೆ 10:18ಕ್ಕೆ, ಜುಲೈ 16ರ ಸುಮಾರಿಗೆ 10:27ಕ್ಕೆ, ಬ್ರಿಟನ್ನಿನ ಬೇಸಿಗೆ ಗಡಿಯಾರದ ಪ್ರಕಾರ, ಸೂರ್ಯ ನೇರ ಮೆಕ್ಕಾದ ಕಅಬಾದ ನೆತ್ತಿಯ ಮೇಲಿರುತ್ತಾನೆ. ಸೂರ್ಯನ ಕಡೆ ಮುಖ ಮಾಡಿದರೆ ಅದೇ ಕಿಬ್ಲಾ. ಆ ಎರಡೂ ದಿನ ಬ್ರಿಟನ್ನಿನಲ್ಲಿ ಮೋಡ ಕವಿದಿರುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ತಿನ್ನುವ ವಿಷಯದಲ್ಲಿ ಹಂದಿ ಮಾಂಸ ಯಾರಿಗೂ ಸಮಸ್ಯೆಯಲ್ಲ, ಅದು ತನ್ನ ಹೆಸರು ಹೇಳಿಕೊಂಡೇ ಬರುತ್ತದೆ. ಕಾಡುವುದು ವೇಷ ಮರೆಸಿಕೊಂಡವು. ವೈನ್ ಗಮ್ ಎಂಬ ಮಿಠಾಯಿಯಲ್ಲಿ ವೈನ್ ಇರುವುದಿಲ್ಲ, ಪ್ರಾಣಿಯ ಚರ್ಮ-ಎಲುಬಿನಿಂದ ತೆಗೆದ ಜೆಲಟಿನ್ ಇರಬಹುದು. ಮಿನ್ಸ್ ಪೈ ಎಂಬ ಕ್ರಿಸ್‌ಮಸ್ ಸಿಹಿಯಲ್ಲಿ ಮಾಂಸವೇ ಇಲ್ಲವೆಂದು ಸಹೋದ್ಯೋಗಿ ಆಣೆ ಮಾಡುತ್ತಾರೆ, ನಿಜವೂ ಹೌದು. ಆದರೆ ಕೆಲವದರಲ್ಲಿ ಹಲಾಲ್ ಅಲ್ಲದ ದನದ ಕೊಬ್ಬು, ಕೆಲವದರಲ್ಲಿ ಬ್ರಾಂದಿ. ಲೇಬಲ್ಲಿನ ಮೇಲೆ ಇ471 ಎಂದು ಬರೆದ ಸೇರ್ಪಡೆ ಗಿಡದ್ದೂ ಇರಬಹುದು, ಪ್ರಾಣಿಯದೂ ಇರಬಹುದು. ಇ120 ಕೆಂಪು ಬಣ್ಣ ಹುಳುವಿನದು. ಪಾರ್ಮಿಜಾನೋ ಚೀಸ್ ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟುತ್ತದೆ. ಸಸ್ಯಾಹಾರಿ ಗುರುತು ನೋಡಿ ಕೊಂಡರೆ ಮುಕ್ಕಾಲು ತಲೆನೋವು ಕಳೆಯಿತು, ಉಳಿದ ಕಾಲು ಭಾಗ ಮದ್ಯದ್ದು. ಶೆರ್ರಿ ಎಂಬ ಮದ್ಯದಲ್ಲಿ ನೆನೆದ ಟ್ರೈಫಲ್ ಸಿಹಿಯೂ ಅಪ್ಪಟ ಸಸ್ಯಾಹಾರಿಯಾಗಿರಬಹುದು. ಮದ್ಯವಿಲ್ಲದ ಬಿಯರ್ ಎಂಬುದರಲ್ಲಿ ಅಮೆರಿಕದ ನಿಯಮದಂತೆ ಶೇ. 0.5ರ ಒಳಗೆ ಮದ್ಯ ಇರಬಹುದು. ಹೋಟೆಲಿನಲ್ಲಿ ಆಲೂಗಡ್ಡೆ ಚಿಪ್ಸ್ ಹೇಳುವ ಮುಂಚೆ ಸಾಸೇಜನ್ನೂ ಅದೇ ಎಣ್ಣೆಯಲ್ಲಿ ಕರಿಯುತ್ತಾರಾ ಎಂದು ಕೇಳಿ. ಕಂಪನಿಗಳು ಸದ್ದಿಲ್ಲದೆ ಪಾಕ ಬದಲಿಸುತ್ತವೆ, ಆದ್ದರಿಂದ ಹೋದ ತಿಂಗಳು ಓದಿದ ಲೇಬಲ್ ಈ ತಿಂಗಳಿಗೆ ಸಾಕ್ಷಿಯಲ್ಲ.

ಇಸ್ಲಾಮಿನಲ್ಲಿ ನಿಷಿದ್ಧವಾದ ಬಡ್ಡಿಯಿಲ್ಲದೆ ಮನೆ ಕೊಳ್ಳಲೂ ದಾರಿಯಿದೆ: ಬ್ಯಾಂಕು ನಿಮ್ಮೊಂದಿಗೆ ಪಾಲುದಾರನಾಗಿ ಮನೆ ಕೊಂಡು, ತನ್ನ ಪಾಲಿಗೆ ಬಾಡಿಗೆ ಪಡೆದು, ಸ್ವಲ್ಪ ಸ್ವಲ್ಪವಾಗಿ ನಿಮಗೆ ಮಾರುತ್ತದೆ. ಕಾನೂನು ತಿದ್ದುವವರೆಗೆ ಇಂಥ ವ್ಯವಹಾರಕ್ಕೆ ಸ್ಟಾಂಪ್ ಡ್ಯೂಟಿ ಎರಡು ಸಲ ಬೀಳುತ್ತಿತ್ತು. ಬಡ್ಡಿ ತಪ್ಪಿಸಲು ಹೋಗಿ ತೆರಿಗೆಗೆ ತಲೆ ಕೊಟ್ಟಂತೆ.

ರಮಝಾನ್‌ನಲ್ಲಿ "ನೀರೂ ಕುಡಿಯಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇಲ್ಲ ಎಂದೇ, ಪ್ರತಿ ವರ್ಷ, ಅದೇ ವ್ಯಕ್ತಿಗೆ. ನಿಜವಾದ ಗಂಡಾಂತರ ಸಹರಿಯ ಹೊತ್ತಿನದು. ಬೆಳಗಿನ ಜಾವ ಮೂರಕ್ಕೆ ಪರೋಟ ಬೇಯಿಸಲು ಕಾವಲಿ ಕಾದರೆ ಹೊಗೆ ಅಲಾರಂ ಕೂಗುತ್ತದೆ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಮನೆಯ ಅಲಾರಂಗಳು ಒಂದಕ್ಕೊಂದು ಜೋಡಿರಬೇಕೆಂಬ ನಿಯಮವಿದೆ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಉಪವಾಸ ಇಲ್ಲದ ಮಕ್ಕಳೂ ಸಹರಿಗೆ ಏಳುತ್ತಾರೆ, ಗೋಡೆಯಾಚೆಯ ನೆರೆಯವರೂ ಏಳುತ್ತಾರೆ. ಅಡುಗೆಮನೆಗೆ ಹೊಗೆಯದಲ್ಲ, ಶಾಖದ ಅಲಾರಂ ಹಾಕಿಸಿ, ಅದು 60 ಡಿಗ್ರಿಯ ಆಸುಪಾಸಿಗೆ ಬಂದರಷ್ಟೇ ಬಾಯಿ ಬಿಡುತ್ತದೆ. ಅಡುಗೆಮನೆಯ ಬಾಗಿಲು ಮುಚ್ಚಿ, ಇಲ್ಲವಾದರೆ ಹೊಗೆ ಹಾಲ್‌ನ ಅಲಾರಂ ಹುಡುಕಿಕೊಂಡು ಹೋಗುತ್ತದೆ.

ಇನ್ನು ಈದ್ ರಜೆ. ಅರ್ಜಿಯಲ್ಲಿ ತಾರೀಕು ಬರೆಯಬೇಕು, ತಾರೀಕು ಚಂದ್ರನ ಕೈಯಲ್ಲಿದೆ. "ಮಂಗಳವಾರ, ಇಲ್ಲವೇ ಬುಧವಾರ, ಹಿಂದಿನ ರಾತ್ರಿ ಗೊತ್ತಾಗುತ್ತದೆ" ಎಂದರೆ ಮ್ಯಾನೇಜರ್ ನಗುತ್ತಾರೆ, ತಮಾಷೆಯಲ್ಲವೆಂದು ತಿಳಿದಾಗ ನಗು ನಿಲ್ಲಿಸುತ್ತಾರೆ. ಎರಡೂ ದಿನ ಕೇಳಿ, ಒಂದನ್ನು ವಾಪಸ್ ಕೊಡುವುದಾಗಿ ಬರೆದುಕೊಡಿ. ತಿಂಗಳುಗಳು ವರ್ಷಕ್ಕೆ 10–11 ದಿನ ಹಿಂದಕ್ಕೆ ಸರಿಯುವುದರಿಂದ ಹೋದ ವರ್ಷದ ಅರ್ಜಿ ನಕಲು ಮಾಡುವಂತಿಲ್ಲ; 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ರಮಝಾನ್ ಶುರುವಾಗುತ್ತದೆ. ಕೆಲವರು ಈದ್ ರಜೆಗೆ ಪ್ರತಿಯಾಗಿ ಕ್ರಿಸ್‌ಮಸ್ ಡ್ಯೂಟಿ ಒಪ್ಪಿಕೊಳ್ಳುತ್ತಾರೆ. ಒಳ್ಳೆಯ ಒಪ್ಪಂದ, ಎಲ್ಲರಿಗೂ ಖುಷಿ. ಆದರೆ ಸಹಿ ಹಾಕುವ ಮುನ್ನ ಕಾರಿದೆಯೇ ನೋಡಿಕೊಳ್ಳಿ: ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಟ್ಯೂಬ್ ಎಂಬ ಮೆಟ್ರೊ ಓಡುವುದಿಲ್ಲ, ರೈಲಿಲ್ಲ, ಬಸ್ಸೂ ಇಲ್ಲ.