ಆರೈಕೆ ಮಾಡುವವರ ಯೂನಿಯನ್: ಆರೈಕೆ ಪಡೆಯುವವರಿಗೆ ಇದರಿಂದ ಒಳ್ಳೆಯದೇ?

ಪರ

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಇದು ಯಾವ ಆರೈಕೆ ಕೇಂದ್ರಕ್ಕೂ ಹೊಸ ವಿಷಯವಲ್ಲ. ಆದರೂ ಹುಣ್ಣಾಗುತ್ತದೆ, ಯಾಕೆಂದರೆ ಕೆಲಸಕ್ಕೆ ಜನ ಸಾಲದು. ಇದ್ದವರೂ ಬೇರೆ ಕಡೆ ನಾಲ್ಕು ಕಾಸು ಜಾಸ್ತಿ ಸಿಕ್ಕರೆ ಹೊರಟುಬಿಡುತ್ತಾರೆ. ಯಾರ ಭುಜ ಮುಟ್ಟಿದರೆ ನೋಯುತ್ತದೆ, ಯಾರಿಗೆ ನುಂಗುವುದು ಕಷ್ಟ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಸಂಬಳದ ಮಾತನ್ನೂ ಆರೈಕೆಯ ಮಾತನ್ನೂ ಬೇರೆ ಬೇರೆ ಮಾಡಲು ಆಗುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸವನ್ನು ಕೆಲಸ ಅಂತ ಒಪ್ಪಿಕೊಳ್ಳುವುದಕ್ಕೇ ದಶಕಗಳು ಹಿಡಿದವು. 1974ರಲ್ಲಿ ಮನೆಗೆಲಸದವರಿಗೆ ಕನಿಷ್ಠ ಸಂಬಳದ ಕಾನೂನು ಅನ್ವಯವಾಯಿತು. ಆದರೆ ಮುದುಕರನ್ನು, ಅಂಗವಿಕಲರನ್ನು ಮನೆಯಲ್ಲಿ ನೋಡಿಕೊಳ್ಳುವವರನ್ನು 'ಜೊತೆಗಿರುವವರು' ಎಂದು ಕರೆದು ಹೊರಗಿಟ್ಟರು. ನ್ಯೂಯಾರ್ಕ್‌ನ ಎವೆಲಿನ್ ಕೋಕ್ ಎಂಬ ಆರೈಕೆ ಕೆಲಸಗಾರ್ತಿ ಓವರ್‌ಟೈಮ್ ಹಣಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋದರು. 2007ರಲ್ಲಿ ಸೋತರು. ನಿಯಮ ಬದಲಾದದ್ದು 2013ರಲ್ಲಿ, ಜಾರಿಗೆ ಬಂದದ್ದು 2015ರಲ್ಲಿ.

ಅಷ್ಟು ಕಾಲ ಸುಮ್ನೆ ಕಾಯಬೇಕಿತ್ತೇ? ಲಾಸ್ ಏಂಜಲೀಸ್‌ನ ಕೆಲಸಗಾರರು ಕಾಯಲಿಲ್ಲ. 1999ರಲ್ಲಿ ಅಲ್ಲಿ ಸುಮಾರು 74,000 ಮಂದಿ ಒಂದೇ ಸಲಕ್ಕೆ ಯೂನಿಯನ್ ಸೇರಿದರು. ಅದರ ಹಿಂದೆ ಹತ್ತು ವರ್ಷಕ್ಕೂ ಜಾಸ್ತಿ ಶ್ರಮ ಇತ್ತು. ಮೊದಲ ತೊಡಕೇ ವಿಚಿತ್ರವಾದದ್ದು: ಇವರ ಮಾಲೀಕ ಯಾರು? ದುಡ್ಡು ಸರ್ಕಾರದ್ದು, ಕೆಲಸಕ್ಕೆ ಇಟ್ಟುಕೊಳ್ಳುವವರು ಆರೈಕೆ ಪಡೆಯುವವರು. ಮಾತುಕತೆಗೆ ಯಾರ ಎದುರು ಕೂರಬೇಕು? ಅದಕ್ಕಾಗಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದಲ್ಲಿ ಹೊಸ ಸಾರ್ವಜನಿಕ ಪ್ರಾಧಿಕಾರಗಳೇ ಹುಟ್ಟಿದವು. ಅವುಗಳ ಮಂಡಳಿಯಲ್ಲಿ ಅಥವಾ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಆರೈಕೆ ಪಡೆಯುವವರೇ ಇರಬೇಕೆಂದು ನಿಯಮವಾಯಿತು. ಕೆಲಸಗಾರರ ಪಟ್ಟಿ ಇಟ್ಟು, ಬೇಕಾದವರಿಗೆ ಹುಡುಕಿಕೊಡುವುದೂ ಅವುಗಳ ಜವಾಬ್ದಾರಿಯಾಯಿತು. ಇದರಲ್ಲಿ ಎರಡೂ ಕಡೆಯವರಿಗೆ ಲಾಭ ಇದೆ, ಅಲ್ವಾ?

ಕೊರೊನಾ ಕಾಲ ಇನ್ನೊಂದು ಪರೀಕ್ಷೆ. ನ್ಯೂಯಾರ್ಕ್ ರಾಜ್ಯದ ವೃದ್ಧರ ಆರೈಕೆ ಕೇಂದ್ರಗಳ ಬಗ್ಗೆ 2020ರಲ್ಲಿ ಒಂದು ಅಧ್ಯಯನ ಬಂತು. ಯೂನಿಯನ್ ಇದ್ದ ಕಡೆ ಅಲ್ಲಿನ ನಿವಾಸಿಗಳ ಕೋವಿಡ್ ಸಾವಿನ ಪ್ರಮಾಣ ಸುಮಾರು ಶೇ. 30 ಕಡಿಮೆ ಇತ್ತು. ಆ ಕೇಂದ್ರಗಳ ಸಿಬ್ಬಂದಿಗೆ ಎನ್-95 ಮಾಸ್ಕ್ ಸಿಗುವ ಸಾಧ್ಯತೆಯೂ ಜಾಸ್ತಿ ಇತ್ತು. ಒಂಟಿಯಾಗಿ ಮಾಸ್ಕ್ ಕೇಳಿದವಳಿಗೆ ಬೈಗುಳ ಸಿಗಬಹುದು. ಎಲ್ಲರೂ ಒಟ್ಟಾಗಿ ಕೇಳಿದರೆ ಮಾಸ್ಕ್ ಕೊಡಲೇಬೇಕಾಗುತ್ತದೆ.

ವಿರೋಧ

ಕೆಲಸಗಾರರ ಕಷ್ಟ ನಿಜ, ಅದರಲ್ಲಿ ತಕರಾರಿಲ್ಲ. ಆದರೆ 'ಅವರಿಗೆ ಒಳ್ಳೆಯದಾದರೆ ಆರೈಕೆ ಪಡೆಯುವವರಿಗೂ ಒಳ್ಳೆಯದು' ಅನ್ನುವ ಮಾತು ತೀರಾ ಸಲೀಸಾಯಿತು.

ನನ್ನನ್ನು ಬೆಳಿಗ್ಗೆ ಯಾರು ಎಬ್ಬಿಸಬೇಕು, ಯಾರು ಸ್ನಾನ ಮಾಡಿಸಬೇಕು ಅಂತ ನಾನೇ ತೀರ್ಮಾನಿಸಬೇಕು. 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಂಗವಿಕಲರು ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದ್ದೇ ಈ ಹಠದಿಂದ. ಆ ರಾಜ್ಯದ ಮನೆ ಆರೈಕೆಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವ, ಬಿಡಿಸುವ ಹಕ್ಕು ಆರೈಕೆ ಪಡೆಯುವವರ ಕೈಯಲ್ಲೇ ಉಳಿದಿದೆ. ಆರೈಕೆ ಕೇಂದ್ರಗಳಲ್ಲಿ ಅದಿಲ್ಲ. ಒರಟಾಗಿ ಎತ್ತಿ ಕೂರಿಸುವವರನ್ನು ಬದಲಿಸಿ ಅಂದರೆ, ಯೂನಿಯನ್ ಇದ್ದ ಕಡೆ ಹಿರಿತನ, ದೂರು, ವಿಚಾರಣೆ ಅಂತ ದಾರಿ ಉದ್ದವಾಗುತ್ತದೆ. ಅಷ್ಟು ದಿನವೂ ಆ ಕೈಗಳಿಗೇ ಮೈ ಒಪ್ಪಿಸಬೇಕು.

ಓವರ್‌ಟೈಮ್ ವಿಷಯವನ್ನೇ ನೋಡಿ. ಗೆದ್ದದ್ದು ಹೌದು. ಆದರೆ ಹಣ ಕೊಡುವ ರಾಜ್ಯಗಳು ಗಂಟೆಗಳಿಗೇ ಮಿತಿ ಹಾಕಿದವು. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಅಥವಾ ಹೆಚ್ಚು ಜನರನ್ನು ನೋಡಿಕೊಳ್ಳುವವರಿಗೆ ಸಾಮಾನ್ಯವಾಗಿ ವಾರಕ್ಕೆ 66 ಗಂಟೆಯ ಮಿತಿ. ವರ್ಷಗಟ್ಟಲೆ ಪಳಗಿದ ಒಬ್ಬರನ್ನೇ ನಂಬಿದ್ದವರು ಉಳಿದ ಗಂಟೆಗಳಿಗೆ ಗೊತ್ತಿಲ್ಲದವರನ್ನು ಹುಡುಕಬೇಕಾಯಿತು. ಇಂಥ ಪರಿಣಾಮ ಆಗುತ್ತದೆ ಅಂತ ಅಂಗವಿಕಲರ ಸಂಘಟನೆಗಳು ಮೊದಲೇ ಎಚ್ಚರಿಸಿದ್ದವು.

ಇನ್ನೂ ದೊಡ್ಡ ಜಗಳ ಕಟ್ಟಡಗಳದ್ದು. ಅಂಗವಿಕಲರನ್ನು ಸುಮ್ಮನೆ ಸಂಸ್ಥೆಗಳಲ್ಲಿ ಕೂಡಿಹಾಕುವುದು ತಾರತಮ್ಯ ಅಂತ 1999ರಲ್ಲಿ ಓಮ್‌ಸ್ಟೆಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೂ 2012ರಲ್ಲಿ ಇಲಿನಾಯ್ ಸರ್ಕಾರ ಜಾಕ್ಸನ್‌ವಿಲ್‌ನ ಹಳೆಯ ಸಂಸ್ಥೆಯನ್ನು ಮುಚ್ಚಲು ಹೊರಟಾಗ ನೌಕರರ ಯೂನಿಯನ್ ವಿರೋಧಿಸಿತು. ಸದಸ್ಯರ ಕೆಲಸ ಉಳಿಸುವುದು ಯೂನಿಯನ್ನಿನ ಧರ್ಮ, ಅದನ್ನು ತಪ್ಪು ಅನ್ನಲಾರೆ. ಕೆಲವು ನಿವಾಸಿಗಳ ಮನೆಯವರೂ ಮುಚ್ಚುವುದು ಬೇಡ ಅಂದಿದ್ದರು. ಆದರೆ ಹೊರಗೆ ಬದುಕಬೇಕು ಅನ್ನುವವರ ಪರವಾಗಿ ಯೂನಿಯನ್ ಮಾತಾಡುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ.

ಯೂನಿಯನ್ ಬಂದರೆ ಜನ ಜಾಸ್ತಿ ಆಗುತ್ತಾರೆ ಅನ್ನುವುದೂ ಅನುಮಾನ. ಆರೈಕೆ ಕೇಂದ್ರಗಳ ಮೇಲೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೂನಿಯನ್ ಬಂದ ಮೇಲೆ ಸಿಬ್ಬಂದಿಯ ಗಂಟೆಗಳು ಇಳಿದಿದ್ದವು. ಗುಣಮಟ್ಟ ಕುಸಿದಿರಲಿಲ್ಲ, ಅದನ್ನೂ ಹೇಳಬೇಕು. ಇನ್ನು ಕೋವಿಡ್ ಲೆಕ್ಕ: ಯೂನಿಯನ್ ಇರುವ ಕೇಂದ್ರ ಬೇರೆ ವಿಷಯಗಳಲ್ಲೂ ಭಿನ್ನವಾಗಿರಬಹುದು, ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸಲು ಬರುವುದಿಲ್ಲ.

ಅಮೆರಿಕದ ಆರೈಕೆ ಕೇಂದ್ರಗಳಲ್ಲಿ ಮುಷ್ಕರಕ್ಕೆ 10 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ಕಾನೂನಿದೆ. ಆದರೆ ಹನ್ನೊಂದನೇ ದಿನ ಊಟ ಮಾಡಿಸುವವರು ಯಾರು?

ಸಂಬಳ ಏರಲಿ. ಬಡವರ ದೀರ್ಘಕಾಲದ ಆರೈಕೆಗೆ ಅಮೆರಿಕದಲ್ಲಿ ಹಣ ಕೊಡುವುದು ಮುಖ್ಯವಾಗಿ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆ. ದರ ಗೊತ್ತು ಮಾಡುವುದು ಹೆಚ್ಚಾಗಿ ರಾಜ್ಯಗಳು. ಆ ದರವನ್ನೇ ಏರಿಸಿ, ಅದರಲ್ಲಿ ಇಷ್ಟು ಪಾಲು ಕೆಲಸಗಾರರಿಗೇ ಹೋಗಬೇಕು ಅಂತ ಕಾನೂನು ಮಾಡಬಹುದು. ಯೂನಿಯನ್ ಇರುವವರಿಗೂ ಇಲ್ಲದವರಿಗೂ ಅದು ಸಿಗುತ್ತದೆ. ಯಾರ ಗಂಟೆಯನ್ನೂ ಕತ್ತರಿಸಬೇಕಾಗಿಲ್ಲ.