ಚಪ್ಪಲಿಯೊಳಗಿನ ಹರಳು

ಆಸ್ಟ್ರಿಯಾದ ಕಲಾವಿದ ಕ್ಲಿಮ್ಟ್ ಚಿನ್ನದ ರೇಕು ಹಚ್ಚಿ ಬರೆದ ‘ಚುಂಬನ’ ಚಿತ್ರದ ಬಗ್ಗೆ ಬರೆಯೋಣ ಅಂತಲೇ ಕೂತೆ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು ನೋಡಿಬಂದ ಮೇಲೆ ತಲೆಗೆ ಏನಾದರೂ ಹೊಳೆದಿರಬೇಕು, ಅಲ್ವಾ? ಆದರೆ ಯೋಚಿಸಿದಾಗಲೆಲ್ಲ ಮೊದಲು ನೆನಪಾಗುವುದು ಬಲಗಾಲಿನ ಹೆಬ್ಬೆರಳ ಕೆಳಗಿದ್ದ ಹರಳು.

ಅದು ಒಳಗೆ ಸೇರಿದ್ದು ವಿಯೆನ್ನಾದ ಬೆಲ್ವೆಡೇರ್ ತೋಟದ ನಟ್ಟನಡುವೆ. ಅಲ್ಲಿ ತಗ್ಗಿನಲ್ಲೊಂದು ಅರಮನೆ, ದಿಬ್ಬದ ಮೇಲೊಂದು ಅರಮನೆ. ಎರಡೂ ಈಗ ಮ್ಯೂಸಿಯಂ, ‘ಚುಂಬನ’ ಇರುವುದು ಮೇಲಿನದರಲ್ಲಿ. ನಡುವೆ ಏರು ದಾರಿ, ನೆಲಕ್ಕೆಲ್ಲ ಸಣ್ಣ ಜಲ್ಲಿ. ನನ್ನ ಚಪ್ಪಲಿ ಹಬ್ಬದ ರಿಯಾಯಿತಿಯಲ್ಲಿ ಕೊಂಡದ್ದು. ಹಿಂದೆ ಪಟ್ಟಿ, ಪಕ್ಕದಲ್ಲಿ ಕಿಂಡಿ. ಒಳಗೆ ಬಂದದ್ದು ಹೊರಗೆ ಹೋಗಬಾರದು, ಹಾಗೆ ಮಾಡಿದ್ದಾರೆ.

“ಬಿಚ್ಚಿ ಕೊಡವಿಕೊಳ್ರೀ” ಅಂದಳು ಹೆಂಡತಿ. ನನ್ನ ವಯಸ್ಸಿನಲ್ಲಿ ಚಪ್ಪಲಿ ಬಿಚ್ಚುವುದು ಅಷ್ಟು ಸುಲಭವಲ್ಲ. ಏನನ್ನಾದರೂ ಹಿಡಿದುಕೊಳ್ಳಬೇಕು. ಹೆಣ್ಣಿನ ಮುಖ, ಸಿಂಹದ ಮೈಯ ಕಲ್ಲಿನ ಸ್ಫಿಂಕ್ಸ್ ಒಂದು ಹತ್ತಿರದಲ್ಲೇ ಇತ್ತು. ಅದರ ಜೊತೆ ಸೆಲ್ಫಿ ತೆಗೆಯುವವರು ಸಾಲು ನಿಂತಿದ್ದರು. ನಾನು ಸಾಲು ಮುರಿಯಲು ಬಂದವನು ಅಂದುಕೊಂಡು ಗುರಾಯಿಸಿದರು. ಕುಂಟಿಕೊಂಡೇ ಮುಂದೆ ನಡೆದೆ.

ಕಾಲು ಚುಚ್ಚುವಾಗ ನೋಡಿದರೆ ಯಾವ ತೋಟವೂ ಚೆಂದ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೂ ಈ ಬರೋಕ್ ತೋಟಗಳ ಮೇಲೆ, ಅಂದರೆ ಹಳೆಯ ಯುರೋಪಿನ ಆಡಂಬರದ ಶೈಲಿಯ ತೋಟಗಳ ಮೇಲೆ, ನನಗೆ ಹಳೆಯ ಸಿಟ್ಟಿದೆ. ಫ್ರಾನ್ಸಿನ ರಾಜರ ವರ್ಸೇಲ್ಸ್ ಅರಮನೆಯ ತೋಟದಲ್ಲಿ ಪಳಗಿದ ಡೊಮಿನಿಕ್ ಜಿರಾರ್ ರೂಪಿಸಿದ ತೋಟವಂತೆ. ಒಂದು ಎಲೆಯನ್ನಾದರೂ ತನ್ನಿಷ್ಟಕ್ಕೆ ಬೆಳೆಯಲು ಬಿಟ್ಟಿಲ್ಲ. ಮಹಡಿ ಮೇಲೆ ನಿಂತು ನೋಡುವ ದೊರೆಗೆ ಅದು ರಂಗೋಲಿ. ಬಿಸಿಲಲ್ಲಿ ನಡೆಯುವವನು ರಂಗೋಲಿಯ ಮೇಲಿನ ಇರುವೆ.

ಆ ದೊರೆ ಸವಾಯ್ ರಾಜಮನೆತನದ ಯೂಜೀನ್. ಫ್ರಾನ್ಸಿನ ರಾಜ ಸೈನ್ಯಕ್ಕೆ ಬೇಡ ಅಂದಿದ್ದಕ್ಕೆ ಆಸ್ಟ್ರಿಯಾಕ್ಕೆ ಬಂದು ದೊಡ್ಡ ಸೇನಾಪತಿಯಾದವನು. ಮದುವೆಯಾಗಲಿಲ್ಲ. ಬೇಸಿಗೆ ಕಳೆಯಲು ಎರಡು ಅರಮನೆ ಕಟ್ಟಿಸಿದ. ಮೇಲಿನದು 1723ರಲ್ಲಿ ಮುಗಿಯಿತು. ಹತ್ತು ವರ್ಷ ಆಗುವಷ್ಟರಲ್ಲಿ ನೆಲ ಅಂತಸ್ತಿನ ಹಜಾರದ ಚಾವಣಿ ಕುಸಿಯುವ ಹಾಗಾಯಿತು. ನಮ್ಮೂರ ಮೇಸ್ತ್ರಿಯಾದರೆ ನಾಲ್ಕು ಕಂಬ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಇಲ್ಲಿ ಆ ಕಂಬಗಳನ್ನೇ ನಾಲ್ಕು ಜಟ್ಟಿಗಳಾಗಿ ಕೆತ್ತಿ ನಿಲ್ಲಿಸಿದ್ದಾರೆ. ಸುಮಾರು 290 ವರ್ಷದಿಂದ ಪಾಪ, ಚಾವಣಿ ಹೊತ್ತು ನಿಂತಿದ್ದಾರೆ. ಅವರನ್ನು ನೋಡಿ ನನಗೆ ಮೊದಲ ಬಾರಿಗೆ ಆ ಅರಮನೆಯಲ್ಲಿ ನನ್ನವರು ಯಾರೋ ಸಿಕ್ಕ ಹಾಗಾಯಿತು.

ಹೆಂಡತಿ ‘ಚುಂಬನ’ ಹುಡುಕಿಕೊಂಡು ಹೋದಳು. ನಾನು ಹಿಂದೆ ಉಳಿದೆ, ಮೆಸ್ಸರ್‌ಶ್ಮಿಟ್‌ನ ತಲೆಗಳ ಕೈಗೆ ಸಿಕ್ಕಿಬಿದ್ದೆ.

18ನೇ ಶತಮಾನದ ಶಿಲ್ಪಿ ಈತ. 1774ರಲ್ಲಿ ವಿಯೆನ್ನಾದ ಕಲಾ ಅಕಾಡೆಮಿಯ ಪ್ರೊಫೆಸರ್ ಹುದ್ದೆ ಕೈತಪ್ಪಿತು. ಆಮೇಲೆ ಊರು ಬಿಟ್ಟು ಪ್ರೆಸ್‌ಬರ್ಗ್ (ಇಂದಿನ ಬ್ರಾಟಿಸ್ಲಾವಾ) ಸೇರಿ, ಒಬ್ಬನೇ ಕೂತು ಬರೀ ತಲೆಗಳನ್ನು ಮಾಡಿದ. ಒಂದೊಂದೂ ಮುಖ ಕಿವುಚಿಕೊಂಡ ತಲೆ. ಭೂತಗಳು ಕಾಡುತ್ತವೆ, ಅದರಲ್ಲೂ ಅಂಗಾಂಗಗಳ ಅಳತೆ-ಪ್ರಮಾಣದ ಭೂತಕ್ಕೆ ತನ್ನ ಮೇಲೆ ಹೊಟ್ಟೆಕಿಚ್ಚು ಅನ್ನುತ್ತಿದ್ದನಂತೆ. ಅದನ್ನು ಓಡಿಸಲು ಪಕ್ಕೆ ಚಿವುಟಿಕೊಂಡು, ಕನ್ನಡಿ ನೋಡಿ, ಕಂಡ ಮುಖವನ್ನು ಹಾಗೇ ಲೋಹಕ್ಕೆ ಇಳಿಸುತ್ತಿದ್ದ. ಹೆಸರು ಮಾತ್ರ ಅವನು ಇಟ್ಟದ್ದಲ್ಲ. ಸತ್ತ ಮೇಲೆ ಯಾರೋ ಇಟ್ಟದ್ದು. ಅದರಲ್ಲೊಂದು: ‘ಮಲಬದ್ಧತೆಯವನು’.

ಆ ಮುಖ ನನಗೆ ಗೊತ್ತು. ಅದು ನಮ್ಮ ದೊಡ್ಡಪ್ಪನದು. ಬೆಳಿಗ್ಗೆ ಹಿತ್ತಲಿನಿಂದ ಬರುವಾಗಿನದು. ತುಟಿ ಒಳಗೆಳೆದು, ಹುಬ್ಬು ಗಂಟು ಹಾಕಿ, ಜಗತ್ತು ತನಗೆ ಏನೋ ಬಾಕಿ ಇಟ್ಟುಕೊಂಡಿದೆ ಅನ್ನುವ ಹಾಗೆ. ಇಡೀ ಮನೆ ಆ ಮುಖದ ಮೇಲೆ ನಡೆಯುತ್ತಿತ್ತು. ಕೆಲಸ ಆಗಿದ್ದರೆ ದೋಸೆ ಸೀದರೂ ಮಾತಿಲ್ಲ. ಆಗದಿದ್ದರೆ ಪೇಪರ್ ಹುಡುಗನಿಗೂ ಮಂಗಳಾರತಿ. ಪರೀಕ್ಷೆಯ ಮಾರ್ಕ್ಸ್‌ಕಾರ್ಡಿಗೆ ಸಹಿ ಬೇಕಾದರೆ ನಾವು ಮೊದಲು ದೊಡ್ಡಮ್ಮನ ಹತ್ತಿರ “ಇವತ್ತು ಹೇಗೆ?” ಅಂತ ವಿಚಾರಿಸಬೇಕು. ಅವರು ಕಣ್ಣಲ್ಲೇ ಹೇಳುತ್ತಿದ್ದರು. ಒಮ್ಮೆ ನನಗೆ ಗಣಿತದಲ್ಲಿ ಹನ್ನೊಂದು ಬಂದಾಗ ಸತತ ನಾಲ್ಕು ದಿನ ಅವರು ತಲೆಯಾಡಿಸಿದರು, ಬೇಡ ಅಂತ. ಐದನೇ ದಿನ ದೊಡ್ಡಪ್ಪ ಹಾಡಿಕೊಂಡು ಬಂದರು. ಓದದೇ ಸಹಿ ಹಾಕಿದರು.

ಇದನ್ನೆಲ್ಲ ನೆನೆಯುತ್ತಾ ಕಾಲು ಬದಲಿಸಿದೆ. ಹರಳು ಸರಿಯಾಗಿ ನಾಟಿತು. ಅದೇ ಹೊತ್ತಿಗೆ ಹೆಂಡತಿ ವಾಪಸ್ ಬಂದು ಫೋಟೋ ಹೊಡೆದುಬಿಟ್ಟಳು. ಆ ತಲೆ, ಪಕ್ಕದಲ್ಲಿ ನನ್ನ ತಲೆ.

‘ಚುಂಬನ’ವನ್ನೂ ನೋಡಿದೆ. ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ ಚಿನ್ನ ಚೂರು ಚೂರಾಗಿ ಕಂಡಿತು.

ಟ್ರಾಮಿನಲ್ಲಿ ಕೂತು ಚಪ್ಪಲಿ ಬಿಚ್ಚಿದೆ. ಉದ್ದಿನಕಾಳಿನಷ್ಟೂ ಇರಲಿಲ್ಲ. ಅಷ್ಟರಲ್ಲಿ ಫೋಟೋ ಮನೆಯವರ ಗ್ರೂಪಿಗೆ ಹೋಗಿ ಆಗಿತ್ತು. ದೊಡ್ಡಪ್ಪನ ಮಗಳು ಊರಿನಿಂದ ಉತ್ತರ ಹಾಕಿದ್ದಳು: “ಅಣ್ಣಾ, ಅಲ್ಲಿ ಹರಳೆಣ್ಣೆ ಸಿಗಲ್ವಾ?”